ಮಡಿಕೆಯೊಳಗೆ ಬಚ್ಚಿಟ್ಟ ತಲೆನೋವು

ತಲೆನೋವು ಬಂದರೆ ನಾವೇನು ಮಾಡುತ್ತೇವೆ? ಒಂದು ಮಾತ್ರೆ ನುಂಗಿ ಸುಮ್ಮನಾಗುತ್ತೇವೆ. ಮನೆಯಲ್ಲಿ ಇದು ನಡೆಯುತ್ತದೆ, ಹಿಮದ ಬೆಟ್ಟದ ಮೇಲೆ ನಡೆಯುವುದಿಲ್ಲ. ಇದನ್ನು ಕಲಿಯಲು ನಮ್ಮ ಟೈಲರ್ ಆಕಾಶಕ್ಕೆ ಇನ್ನರ್ಧ ಗೇಣು ಬಾಕಿ ಇರುವವರೆಗೆ ಹತ್ತಬೇಕಾಯಿತು.

ಅವನೇನು ಅಂತಿಂಥ ಟೈಲರ್ ಅಲ್ಲ. ಕತ್ತರಿ ಎತ್ತಿದರೆ ಸಾಕು, ಬಟ್ಟೆ ಹೆದರಿ ತಾನಾಗಿಯೇ ಎರಡು ಹೋಳಾಗುತ್ತಿತ್ತು. ಅಪ್ಪಿತಪ್ಪಿ ಎಲ್ಲಾದರೂ ಓರೆ ಕತ್ತರಿಸಿದರೆ, ಆ ತಪ್ಪನ್ನು ಮಡಿಕೆಯೊಳಗೆ ಸೇರಿಸಿ ಹೊಲಿದುಬಿಡುತ್ತಿದ್ದ. ಭೂತಗನ್ನಡಿ ಹಿಡಿದು ಹುಡುಕಿದರೂ ಗಿರಾಕಿಗೆ ಸಿಗುತ್ತಿರಲಿಲ್ಲ. ಹೆಂಡತಿ ಪಕ್ಕದಲ್ಲೇ ಕೂತು ಕಾಜಾ ಮಾಡಿ ಗುಂಡಿ ಹಾಕುತ್ತಿದ್ದಳು. ಲೋಕದ ಅರ್ಧ ಜನರ ಮಾನ ನಿಂತಿರುವುದು ಅವಳ ಗುಂಡಿಗಳ ಮೇಲೆಯೇ. ಅವರೆದುರಿನ ಗೋಡೆಯಲ್ಲಿ ಹಿಮದ ನಡುವಿನ ನೀಲಿ ಕೆರೆಯೊಂದರ ಚಿತ್ರವಿತ್ತು. ಇಪ್ಪತ್ತೈದು ವರ್ಷ ಅದನ್ನೇ ನೋಡುತ್ತಾ ಕೂತವಳನ್ನು ಆ ಕೆರೆಯ ದಡಕ್ಕೇ ಕರೆದೊಯ್ಯುತ್ತೇನೆಂದು ಟೈಲರ್ ಹೊರಟ.

ದಾರಿ ತೋರಿಸಲು ಬಂದವಳನ್ನು ಎಲ್ಲರೂ ಬೆಟ್ಟದಕ್ಕ ಅನ್ನುತ್ತಿದ್ದರು. ಮೊದಲ ದಿನವೇ ಅವಳು ಬಿಡಿಸಿ ಹೇಳಿದಳು: ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಮೈ ಒಗ್ಗಲು ದಿನಗಳು ಬೇಕು, ನಿಧಾನವಾಗಿ ಹತ್ತಬೇಕು. ತಲೆನೋವು, ವಾಕರಿಕೆ, ತಲೆಸುತ್ತು, ಊಟ ಸೇರದಿರುವುದು, ಯಾವುದು ಬಂದರೂ ಕೂಡಲೇ ಹೇಳಬೇಕು. ಗಟ್ಟಿಮುಟ್ಟಾದವರಿಗೂ ಇದು ಬರುತ್ತದೆ. ಟೈಲರ್ ನಕ್ಕ. ತಾನು ಈವರೆಗೆ ಹೊಲಿಗೆ ಮೆಷಿನ್ ತುಳಿದಷ್ಟು ಸೈಕಲ್ ತುಳಿದಿದ್ದರೆ ಚಂದ್ರನಿಗೆ ಎರಡು ಸಲ ಹೋಗಿ ಬರಬಹುದಿತ್ತು ಎಂದು ಕೊಚ್ಚಿಕೊಂಡ.

ಮೂರನೆಯ ದಿನ ಅವನ ತಲೆಯೊಳಗೆ ನೂರು ಮೆಷಿನ್ ಒಟ್ಟಿಗೆ ಓಡತೊಡಗಿದವು. ಹೇಳಿದರೆ ಬೆಟ್ಟದಕ್ಕ ತಡೆಯುತ್ತಾಳೆ, ಹೆಂಡತಿಗೆ ಕೆರೆ ತಪ್ಪುತ್ತದೆ. ಹಾಗಾಗಿ ತನಗೆ ಗೊತ್ತಿದ್ದ ವಿದ್ಯೆಯನ್ನೇ ಮಾಡಿದ. ನೋವನ್ನು ಮಡಿಕೆಯೊಳಗೆ ಸೇರಿಸಿ ಹೊಲಿದ. ಕದ್ದು ಮಾತ್ರೆ ನುಂಗಿದ. ಬೆಟ್ಟದಕ್ಕ ಹೇಗಿದ್ದೀರಿ ಎಂದರೆ ಕಲ್ಲುಗುಂಡಿನ ಹಾಗಿದ್ದೇನೆ ಎಂದ. ಊಟ ಸೇರದಾಗ ತನ್ನ ತಟ್ಟೆಯದನ್ನೆಲ್ಲ ಹೆಂಡತಿಗೆ ಬಡಿಸಿದ. ಈ ವಯಸ್ಸಿನಲ್ಲಿ ಇಷ್ಟು ಪ್ರೀತಿಯೇ ಎಂದು ಅವಳು ನಾಚಿಕೊಂಡೇ ಎಲ್ಲ ತಿಂದಳು.

ಮರುದಿನ ಮಧ್ಯಾಹ್ನ, ಮೇಲಿನ ಡೇರೆಯ ಬಳಿ, ಅವಳ ಕೋಟಿನ ಗುಂಡಿ ಕಿತ್ತುಬಂತು. ಟೈಲರ್ ಸೂಜಿ ತೆಗೆದ. ಓಡುವ ಬಸ್ಸಿನಲ್ಲಿ ಕಣ್ಣುಮುಚ್ಚಿ ದಾರ ಪೋಣಿಸುವ ಗಂಡು ಅವನು. ಅಂದು ಒಂದು ಸಲ ತಪ್ಪಿತು, ಎರಡು ಸಲ ತಪ್ಪಿತು. ಏಳನೆಯ ಸಲ ಸೂಜಿಯೇ ಕೈಜಾರಿತು.

"ರೀ, ಯಾವಾಗ್ನಿಂದ?" ಹೆಂಡತಿ ಮೆಲ್ಲಗೆ ಕೇಳಿದಳು.

"ಏನು ಯಾವಾಗ್ನಿಂದ?"

"ನನ್ನ ಮುಖ ನೋಡಿ ಹೇಳಿ."

"ನಿನ್ನೆಯಿಂದ. ಸ್ವಲ್ಪ ತಲೆನೋವು ಕಣೇ."

ಇದನ್ನು ಕೇಳಿಸಿಕೊಂಡ ಬೆಟ್ಟದಕ್ಕ ಅವನನ್ನು ಒಂದು ಕಾಲಿನ ಹಿಮ್ಮಡಿ ಇನ್ನೊಂದು ಕಾಲಿನ ಬೆರಳಿಗೆ ತಾಗುವಂತೆ ನೇರ ನಡೆಸಿ ನೋಡಿದಳು. ನಾಲ್ಕೇ ಹೆಜ್ಜೆಗೆ ವಾಲಿದ.

"ಅಣ್ಣಾ, ಈಗ್ಲೇ ಇಳೀಬೇಕು," ಎಂದಳು. "ಮಾತ್ರೆಗೆ ನೋವು ಅಡಗುತ್ತೆ, ಕಾಯಿಲೆ ಅಡಗಲ್ಲ. ಹೀಗೇ ಬಿಟ್ರೆ ಮಿದುಳು ಊದ್ಕೊಂಡು ಜೀವಕ್ಕೇ ಕುತ್ತು."

"ಕೆರೆಗೆ ಇನ್ನೆರಡೇ ಗಂಟೆ ದಾರಿ. ಇವಳಿಗೆ ತೋರಿಸ್ಕೊಂಡು ಬಾಮ್ಮ. ನಾನಿಲ್ಲೇ ಮಲಗಿರ್ತೀನಿ."

ಮಲಗಿದರೆ ಕಡಿಮೆಯಾಗದು, ಒಬ್ಬನೇ ಬಿಡಲೂಬಾರದು ಎಂದು ಬೆಟ್ಟದಕ್ಕ ಹೇಳಿ ಮುಗಿಸುವಷ್ಟರಲ್ಲಿ ಹೆಂಡತಿ ಅವನ ಶೂ ದಾರ ಕಟ್ಟುತ್ತಿದ್ದಳು.

"ಇಷ್ಟು ವರ್ಷ ಆ ಕೆರೇನ ನಿಮ್ಮ ಪಕ್ಕ ಕೂತೇ ನೋಡಿದ್ದು. ಈಗ ಒಬ್ಳೇ ನೋಡೋಕೆ ನಂಗೇನು ಬಂದಿದೆ? ಏಳಿ."

ಇಬ್ಬರೂ ಆಚೀಚೆ ತೋಳು ಹಿಡಿದು ಇಳಿಸಿದರು. ಇಳಿದಂತೆ ತಲೆಯ ಮೆಷಿನ್‌ಗಳು ಒಂದೊಂದಾಗಿ ನಿಂತವು. ಕೆಳಗಿನ ಆಸ್ಪತ್ರೆಯಲ್ಲಿ ಡಾಕ್ಟರು ಆಕ್ಸಿಜನ್ ಕೊಟ್ಟು, ಈ ಸಲ ಮತ್ತೆ ಮೇಲೆ ಹತ್ತಬಾರದು ಎಂದರು. ಮರುದಿನ ಟೈಲರ್ ಉಂಡ ಪರಿಗೆ ಅಲ್ಲಿನ ಅಡುಗೆಯವನು ಪಾತ್ರೆ ಬಚ್ಚಿಟ್ಟನಂತೆ.

"ಇನ್ನೇನಾದ್ರೂ ಮುಚ್ಚಿಟ್ಟಿದ್ದೀರಾ?" ಹೆಂಡತಿ ಕೇಳಿದಳು.

ಅವನು ಪ್ಯಾಂಟನ್ನು ಮೇಲಕ್ಕೆ ಮಡಚಿದ. "ಎಡ ಮಂಡಿ. ಮೂರು ವರ್ಷ ಆಯ್ತು."

ಅವಳು ಆ ಕಾಲನ್ನು ಮಡಿಲಿಗೆ ಎಳೆದುಕೊಂಡು ಒತ್ತತೊಡಗಿದಳು.

ಬೆಟ್ಟಕ್ಕೆ ಹೊರಟವರೇ, ನಿಧಾನವಾಗಿ ಹತ್ತಿ. ತಲೆನೋವು, ವಾಕರಿಕೆ ಬಂದರೆ ಅಲ್ಲೇ ನಿಲ್ಲಿ, ಜೊತೆಯವರಿಗೆ ಹೇಳಿ, ಅದು ಪೂರ್ತಿ ಹೋಗುವವರೆಗೆ ಮೇಲೆ ಹತ್ತಬೇಡಿ. ನೋವು ಹೆಚ್ಚಿದರೆ, ಹೆಜ್ಜೆ ತಪ್ಪಿದರೆ, ಕೂತಲ್ಲೇ ಏದುಸಿರು ಬಂದರೆ ತಡಮಾಡದೆ ಇಳಿಯಿರಿ, ಒಬ್ಬರೇ ಇಳಿಯಬೇಡಿ. ಜೊತೆಯವರು ಮಂಕಾಗಿದ್ದರೆ ನೀವಾಗಿಯೇ ಕೇಳಿ. ಏನೂ ಇಲ್ಲ ಎಂದರೆ ಇನ್ನೊಂದು ಸಲ ಕೇಳಿ. ಸಿಡುಕಿದರೂ ಸರಿ, ಕೇಳಿ.