ಪಕ್ಕದ ಸೀಟು

ಜರ್ಮನ್ನರು ನಮ್ಮ ದೇಶವನ್ನು ಆಕ್ರಮಿಸಿಕೊಂಡಿದ್ದ ಯುದ್ಧದ ವರ್ಷಗಳಲ್ಲಿ, ಟ್ರಾನ್‌ಹೈಮ್‌ನ ಟ್ರಾಮಿನಲ್ಲಿ ಅವರ ಪಕ್ಕ ನಮ್ಮವರು ಯಾರೂ ಕೂರುತ್ತಿರಲಿಲ್ಲ. ಸೀಟು ಖಾಲಿಯಿದ್ದರೂ ನಿಂತೇ ಹೋಗುವರು. ಜರ್ಮನ್ನರ ಕಚೇರಿಯಲ್ಲಿ ದುಭಾಷಿಯಾಗಿದ್ದ ನನ್ನ ಪಕ್ಕವೂ ಹಾಗೆಯೇ. ಅಲ್ಲಿ ಕೇಳಿಸಿಕೊಂಡದ್ದನ್ನು ನಾನು ಅವರ ವಿರುದ್ಧ ಹೋರಾಡುತ್ತಿದ್ದ ನಮ್ಮ ಗುಪ್ತದಳಕ್ಕೆ ಮುಟ್ಟಿಸುತ್ತಿದ್ದೆ. ಅದು ದಳದ ಒಬ್ಬನಿಗೆ ಮಾತ್ರ ಗೊತ್ತಿತ್ತು, ಅಪ್ಪನಿಗಲ್ಲ. ಎರಡು ಚಳಿಗಾಲದಿಂದ ಅವನು ನನ್ನೊಡನೆ ಮಾತು ಬಿಟ್ಟಿದ್ದ.

ಆ ಮಧ್ಯಾಹ್ನ ಕಚೇರಿಯಲ್ಲಿ ಅಪ್ಪನ ಹೆಸರು ಕಿವಿಗೆ ಬಿತ್ತು. ಸೌದೆಮನೆಯಲ್ಲಿ ಅವನು ಬಚ್ಚಿಟ್ಟಿದ್ದ ನಿಷೇಧಿತ ರೇಡಿಯೊದ ಸುಳಿವು ಸಿಕ್ಕಿತ್ತು, ಸಂಜೆಗೇ ಹಿಡಿಯುವವರಿದ್ದರು. ರೇಡಿಯೊ ಇಟ್ಟವರನ್ನು ಕಳಿಸುವ ಶಿಬಿರದಿಂದ ಮುದುಕರು ಮರಳುತ್ತಿರಲಿಲ್ಲ. ದಳದವನು ಊರಲ್ಲಿರಲಿಲ್ಲ. ಅಪ್ಪ ಮೀನುಪೇಟೆಯಿಂದ ಬರುವ ಟ್ರಾಮನ್ನು ನಾನೇ ಹತ್ತಿ ಅವನ ಪಕ್ಕ ಕುಳಿತೆ.

“ಅಪ್ಪಾ, ಇವತ್ತು ಮನೆಗೆ ಹೋಗ್ಬೇಡ,” ಎಂದು ಪಿಸುಗುಟ್ಟಿದೆ.

ಅವನು ಮೀನಿನ ಪೊಟ್ಟಣ ಎತ್ತಿಕೊಂಡು ಎದ್ದುನಿಂತ.

“ನನ್ ಮನೆಗೆ ಹೋಗ್ದೆ ನಿನ್ ಯಜಮಾನ್ರ ಮನೆಗೆ ಹೋಗ್ಲೇನಮ್ಮ?” ಎಲ್ಲರಿಗೂ ಕೇಳುವಂತೆ ಅಂದ. “ಅಲ್ಲಿ ಮೀನಿಗೆ ಉಪ್ಪು ಜಾಸ್ತಿಯಂತೆ!”

“ಸರಿಯಾಗ್ ಅಂದೆ, ಹಾಲ್ವರ್ ಅಣ್ಣ!” ಹಿಂದಿನಿಂದ ಯಾರೋ ನಕ್ಕರು.

ಸತ್ಯ ನಾಲಿಗೆಯ ತುದಿಯಲ್ಲಿತ್ತು. ಅಷ್ಟು ಜನರ ನಡುವೆ ಅದನ್ನು ನುಂಗಿಕೊಂಡೆ. ಅಪ್ಪ ಕೊನೆಯ ನಿಲ್ದಾಣದವರೆಗೂ ನಿಂತೇ ಇದ್ದ.

ಆ ಸಂಜೆ ಮನೆಯಲ್ಲೇ ಸಿಕ್ಕ ಅವನನ್ನು ಮರುದಿನ ಕಚೇರಿಗೆ ತಂದರು. ಟ್ರಾಮಿನಲ್ಲಿ ನಾನು ಅವನೊಡನೆ ಮಾತಾಡಿದ್ದನ್ನು ಯಾರೋ ಅವರಿಗೆ ಮುಟ್ಟಿಸಿದ್ದರು. ಅಧಿಕಾರಿ ನನ್ನ ಪಕ್ಕದ ಬೆಂಚು ತೋರಿಸಿದ. ಅಪ್ಪ ಕೂರಲಿಲ್ಲ. ನಮ್ಮ ಭಾಷೆ ಬಲ್ಲ ಇನ್ನೊಬ್ಬನನ್ನು ಮೂಲೆಯಲ್ಲಿ ನಿಲ್ಲಿಸಿದ್ದರು. ಒಂದು ಪದವನ್ನೂ ನಾನು ಬದಲಿಸುವಂತಿರಲಿಲ್ಲ.

“ಟ್ರಾಮಿನಲ್ಲಿ ನಿನ್ನ ಮಗಳು ಏನು ಹೇಳಿದಳು?” ಎಂದು ಅಧಿಕಾರಿ ಕೇಳಿದ. ಆ ಪ್ರಶ್ನೆಯನ್ನು ನಾನೇ ನಮ್ಮ ಭಾಷೆಯಲ್ಲಿ ಅಪ್ಪನಿಗೆ ಕೇಳಬೇಕಾಯಿತು.

ಅಪ್ಪ ನನ್ನನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಅಧಿಕಾರಿಯತ್ತ ತಿರುಗಿದ.

“ರಾಜಿ ಮಾಡ್ಕೊಳೋಣ, ನಮ್ಮನೆಗೆ ಊಟಕ್ಕೆ ಬಾ ಅಂದ್ಲು. ಇವಳನ್ನ ಕಂಡ್ರೆ ಆಗಲ್ಲ ನಂಗೆ, ಎದ್ದುಬಿಟ್ಟೆ.”

“ನಾವು ಬರುವುದನ್ನು ಹೇಳಲಿಲ್ಲವೆ?”

“ಹೇಳಿದ್ರೆ ಮನೇಲಿ ಕೂತು ಮೀನು ತಿಂತಿದ್ನೇನಯ್ಯ?”

ಒಂದು ಪದವನ್ನೂ ಬಿಡದೆ ಜರ್ಮನ್‌ನಲ್ಲಿ ಹೇಳಿದೆ. ಮೂಲೆಯಲ್ಲಿದ್ದವನು ತಲೆಯಾಡಿಸಿದ. ಅಧಿಕಾರಿ ನಕ್ಕು, ಅಪ್ಪನನ್ನು ಶಿಬಿರಕ್ಕೆ ಒಯ್ಯುವ ಗಾಡಿಗೆ ಹೇಳಿಕಳಿಸಿದ.

ಗಾಡಿ ಬರುವುದು ತಡವಾಯಿತು. ಆಗ ಅಪ್ಪ ನಿಧಾನವಾಗಿ ಬಂದು ನನ್ನ ಪಕ್ಕದಲ್ಲಿ ಕುಳಿತ. ಅವನ ಕೋಟಿನ ತೋಳು ನನ್ನ ತೋಳಿಗೆ ತಾಗಿತು. ಇಬ್ಬರೂ ಗೋಡೆಯನ್ನೇ ನೋಡುತ್ತಿದ್ದೆವು.

“ಏನಂತೆ ಅವನಿಗೆ?” ಎಂದ ಅಧಿಕಾರಿ.

“ಕಾಲು ನೋಯ್ತಿದೆ,” ಎಂದ ಅಪ್ಪ.

ಅದನ್ನೂ ಜರ್ಮನ್‌ನಲ್ಲಿ ಹೇಳಿದೆ.