ಮುಳುಗುಗಾರನ ಕೈಗಡಿಯಾರ

ಮಾರಿಕಣಿವೆಯ ಜುಂಜಯ್ಯನವರ ಮನೆಗೆ, ಅವರು ಕೊಡುತ್ತೇನೆಂದಿದ್ದ ಗಡಿಯಾರ ತರಲು ನಾನು ಹೋದಾಗ ಅದು ಅಲ್ಲಿರಲಿಲ್ಲ.

"ಹಿರಿಯೂರಿನ ಹಜರತ್ ಅಲಿ ಅಂಗಡಿಗೆ ಕೊಟ್ಟೀನಿ ಕಣವ್ವ. ಮುಖಕ್ಕೆ ಬಣ್ಣ ಹೊಡೆದು ಹೊಸದು ಮಾಡ್ತಾನೆ. ಹೆಣ್ಮಗಳ ಕೈಗೆ ಕೊಡೋ ವಸ್ತು ಕೊಳಕಿರಬಾರ್ದು."

ಗಡಿಯಾರ ಜುಂಜಯ್ಯನವರ ಅಣ್ಣ ದುರುಗಣ್ಣನದು. ಜಲಾಶಯದ ತೂಬು ನೋಡಲು ನೀರಿಗೆ ಇಳಿಯುತ್ತಿದ್ದ ಮನುಷ್ಯ. ಆ ಗಡಿಯಾರ ಬ್ಯಾಟರಿಯವು ಹೊಸದಾಗಿ ಬಂದ ಕಾಲದ್ದು. ಟಿಕ್ ಟಿಕ್ ಎನ್ನದೆ ಜೇನ್ನೊಣದಂತೆ ಗುಂಯ್‌ಗುಡುತ್ತದೆ. ಇಂಥ ಮುಳುಗುಗಾರರ ಗಡಿಯಾರಗಳನ್ನು ಹುಡುಕಿ ಕೂಡಿಸುತ್ತ ಒಂಬತ್ತು ವರ್ಷವಾಯಿತು. ಸಿಕ್ಕ ಆರಕ್ಕೂ ಯಾರೋ ಬಣ್ಣ ಬಳಿದಿದ್ದರು. ಹಿಂದೆ ನಾನು ನೋಡಿದಾಗ ಇದೊಂದು ಮಾತ್ರ ತನ್ನ ಮೊದಲಿನ ಬಣ್ಣದಲ್ಲೇ ಉಳಿದಿತ್ತು.

ಆಟೊದಲ್ಲಿ ಕೂತು ಅಂಗಡಿಗೆ ಮತ್ತೆ ಮತ್ತೆ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ.

ನಾನು ಅಂಗಡಿ ತಲುಪಿದಾಗ ಹಜರತ್ ಅಲಿ ಗಡಿಯಾರ ಬಿಚ್ಚಿಕೊಂಡು ಕೂತಿದ್ದರು. ಒಂದು ಕಡೆ ಖಾಲಿ ಉಕ್ಕಿನ ಕವಚ, ಇನ್ನೊಂದು ಕಡೆ ಯಂತ್ರ, ಅದರ ಮೇಲೆ ಕಪ್ಪು ಮುಖ. ಕೈಯಲ್ಲಿ ಸಣ್ಣ ಬ್ರಷ್.

"ಬ್ರಷ್ ಕೆಳಗಿಡ್ರಿ!"

"ಏನ್ ಮೇಡಂ, ಕಳ್ಳನ್ನ ಹಿಡಿಯಾಕೆ ಬಂದಂಗೆ ಬಂದ್ರಿ! ಈ ಗಂಟೆ ಚುಕ್ಕೆಗಳ್ನ ನೋಡ್ರಿ, ಬೀಡಿ ಸೇದೋರ ಹಲ್ಲಿನಂಗೆ ಹಳದಿ ಆಗ್ಯಾವೆ."

"ನನಗೆ ಆ ಹಳದೀನೇ ಬೇಕು."

"ಜುಂಜಯ್ಯ ಒಪ್ಪಲ್ಲ. ಬಣ್ಣ ಹೊಡೆದಾಯ್ತು ಅಂತ ಹೇಳಿಬಿಡ್ಲಾ?"

ಸುಳ್ಳು ಬೇಡವೆಂದು ನಾನೇ ಫೋನ್ ಮಾಡಿದೆ. ಜುಂಜಯ್ಯ ಜಗ್ಗಲಿಲ್ಲ. "ಕೊಳಕು ಕೊಡಾಕಿಲ್ಲ ಕಣವ್ವ. ಬೇಡಾಂದ್ರೆ ನಮ್ಮನೇಲೇ ಇರ್ಲಿ."

"ಬಣ್ಣ ಬೇಡ. ಹೊರಗಿನ ಕವಚ ತೊಳೆದರೆ ಸಾಕಾ?"

"ತೊಳಿ. ಆದ್ರೆ ಹಜರತ್ ನೋಡಿ ಹೂಂ ಅನ್ಬೇಕು."

ಪಕ್ಕದ ಹೋಟೆಲಿನಿಂದ ನೀರು ತಂದು, ಖಾಲಿ ಕವಚಕ್ಕೆ ಸೋಪು ಹಚ್ಚಿ ತಿಕ್ಕಿದೆ. ಕವಚದ ಸುತ್ತಲಿನ ಬಳೆಯ ಹಲ್ಲುಗಳ ಸಂದಿಯಲ್ಲಿ ದುರುಗಣ್ಣನ ಕಾಲದ ಕೆಸರು ಗಟ್ಟಿಯಾಗಿ ಕೂತಿತ್ತು. ಅದನ್ನೂ ಉಳಿಸಿಕೊಳ್ಳುವ ಆಸೆ ನನಗಿತ್ತು. ಅಷ್ಟು ಬಿಟ್ಟು ಉಳಿದದ್ದನ್ನೆಲ್ಲ ತೊಳೆದು ತೋರಿಸಿದೆ.

"ಇನ್ನೂ ಐತಲ್ಲ ಮೇಡಂ, ಸಂದೀಲಿ."

ಕಡ್ಡಿಯಿಂದ ಅದನ್ನೂ ಕೆದಕಿ ತೆಗೆದೆ. ನೀರು ಮಣ್ಣುಬಣ್ಣವಾಯಿತು.

ಹಜರತ್ ಅಲಿ ಜುಂಜಯ್ಯನವರಿಗೆ ಫೋನಿನಲ್ಲಿ ದೊಡ್ಡದಾಗಿ "ಹೂಂ" ಅಂದರು.

"ಯಂತ್ರ ಕೂರಿಸಾಕೆ ಒಂದು ತಾಸು ಬೇಕು. ಕುಂತ್ಕಳ್ರಿ."

ನಾನು ಕೂರಲಿಲ್ಲ. ಬ್ರಷ್ ಹಿಡಿದಿದ್ದ ಅವರ ಬಲಗೈ ಮೇಲೆ ಕಣ್ಣಿಟ್ಟು ಅಲ್ಲೇ ನಿಂತೆ.