ಗುಂಡುಕಲ್ಲಿನ ಹನ್ನೊಂದು ಗುರುತು

ಕಲ್ಲು ಕಂಡಾಗ ಲಗಮವ್ವನಿಗೆ ಅದು ತಮ್ಮೂರಿನದೆಂದೇ ಅನ್ನಿಸಲಿಲ್ಲ. ಜಮಖಂಡಿಯಲ್ಲಿ ಹೊಸದಾಗಿ ತೆರೆಯುತ್ತಿದ್ದ ಊರಾಟಗಳ ದಾಖಲೆ ಮನೆಯಲ್ಲಿ, ಸಿಮೆಂಟಿನ ಕಟ್ಟೆಯ ಮೇಲೆ, ಕನ್ನಡಿಯ ಹಾಗೆ ಮಿಂಚುತ್ತ ಕೂತಿತ್ತು. ಬಗ್ಗಿ ನೋಡಿದರೆ ತನ್ನದೇ ಮುಖ ಕಾಣಿಸಿತು. ಸುತ್ತ ಬಂದು ನೋಡಿದಳು; ಎಲ್ಲೂ ಒಂದು ಗುರುತಿಲ್ಲ.

ಗಲಗಲಿ ಹತ್ತಿರದ ಅವರೂರಿನ ಬೀರಪ್ಪನ ಗುಡಿ ಮುಂದೆ ಮೂರು ತಲೆಮಾರಿನಿಂದ ಬಿದ್ದಿದ್ದ ಗುಂಡುಕಲ್ಲು ಅದು. ಎತ್ತಿ ಹೆಗಲಿಗೇರಿಸಿ ಗುಡಿಯ ಸುತ್ತ ಒಂದು ಸುತ್ತು ಬಂದವರದೇ ಗೆಲುವು. ಗೆದ್ದವರಿಗೆ ಪದಕವಿಲ್ಲ, ಕಾಗದವಿಲ್ಲ. ಕುರಿ ಕಾಯುವ ಮಂದಿ ತಮ್ಮ ಕುರಿ ಬೇರೆಯವರ ಹಿಂಡಿನಲ್ಲಿ ಸೇರಿಹೋಗಬಾರದೆಂದು ಕಿವಿಗೆ ಕಚ್ಚು ಹಾಕುತ್ತಾರಲ್ಲ, ಮನೆಗೊಂದು ಬಗೆ, ಆ ಕಚ್ಚನ್ನೇ ಕಲ್ಲಿನ ಮೇಲೆ ಉಳಿಯಿಂದ ಹೊಡೆಸುತ್ತಿದ್ದರು. ಹಾಗೆ ಹನ್ನೊಂದು ಗುರುತುಗಳಿದ್ದವು. ಹತ್ತು ಗಂಡಸರವು. ಎಡಕ್ಕೆ ಎರಡು ಕಚ್ಚು, ಬಲಕ್ಕೆ ಒಂದು ತೂತು ಇದ್ದದ್ದು ಲಗಮವ್ವನ ತಾಯಿ ಬೋರವ್ವನದು.

ಆರು ತಿಂಗಳ ಹಿಂದೆ ದಾಖಲೆ ಮನೆಯ ಸಮಿತಿಯವರು ಕೈಮುಗಿದುಕೊಂಡು ಕಲ್ಲು ಕೇಳಲು ಬಂದಾಗ ಊರು ಒಲ್ಲೆ ಅಂದಿತ್ತು. ಒಪ್ಪಿಸಿದ್ದು ಲಗಮವ್ವನೇ. ಅವ್ವನ ಗುರುತನ್ನು ನಾಲ್ಕೂರಿನ ಮಂದಿ ನೋಡಲಿ ಎಂಬ ಆಸೆ.

"ಗುರುತು ಎಲ್ಲಿ ಅದಾವೋ ತಮ್ಮಾ?" ಎಂದು ಕಾರ್ಯದರ್ಶಿ ರಾಜಕುಮಾರನನ್ನು ಕೇಳಿದಳು.

"ಯಾವ ಗುರುತು ಆಯಿ? ಬರೇ ಗೀರು ಇದ್ದುವು. ಚಂದ ಕಾಣಲಿ ಅಂತ ಗ್ರೈಂಡರ್ ಹೊಡೆಸಿ ಪಾಲಿಶ್ ಮಾಡಿಸೀವಿ. ಈಗ ನೋಡ್ರಿ, ಹ್ಯಾಂಗ ಹೊಳಿತೈತಿ!"

ಹೊಳೆಯುತ್ತಿತ್ತು, ಖರೆ. ಓದಲು ಬಾರದ ಪುಸ್ತಕ ಸಿಕ್ಕರೆ ಬುದ್ಧಿ ಇದ್ದವನು ಬಲ್ಲವರನ್ನು ಕೇಳುತ್ತಾನೆ. ಇವರು ಹಾಳೆಗಳನ್ನೇ ಉಜ್ಜಿ ಬಿಳಿ ಮಾಡಿದ್ದರು. ಸಾಲದ್ದಕ್ಕೆ ಎತ್ತುವ ಕಲ್ಲನ್ನು ಯಾರೂ ಎತ್ತಲಾಗದಂತೆ ಸಿಮೆಂಟಿನಲ್ಲಿ ಹೂತಿದ್ದರು!

ಕಲ್ಲಿನ ಮೇಲ್ಗಡೆ ಗೋಡೆಗೆ ಒಂದು ಹಳೆಯ ಫೋಟೋ. ಕಚ್ಚೆ ಹಾಕಿದ ಹರೆಯದ ಗಂಡಸು ಕಲ್ಲಿನ ಮೇಲೆ ಕಾಲಿಟ್ಟು, ಮೀಸೆ ತಿರುವಿ ನಿಂತಿದ್ದಾನೆ. ಕೆಳಗಿನ ಬರಹವನ್ನು ಲಗಮವ್ವ ಪಕ್ಕದವರಿಂದ ಓದಿಸಿದಳು. "ಈ ಕಲ್ಲನ್ನೆತ್ತಿದ ಪೈಲ್ವಾನ ಚನಮಲ್ಲಪ್ಪನವರು. ಉಳಿದವರ ಮಾಹಿತಿ ಲಭ್ಯವಿಲ್ಲ."

ಈ ಮನೆಗೆ ಜಾಗ ಕೊಟ್ಟ ಸಾವುಕಾರ ಚನಮಲ್ಲಪ್ಪನೇ ಆತ. ಈಗ ಎಂಬತ್ತರ ಮುದುಕ. ಉದ್ಘಾಟನೆಗೆಂದು ಮುಂದಿನ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದ.

"ಈ ಕಲ್ಲು ನಮ್ಮವ್ವ ಎತ್ಯಾಳ. ಬರಿ," ಎಂದಳು ಲಗಮವ್ವ.

ರಾಜಕುಮಾರ ನಕ್ಕ. "ಹೆಣ್ಮಗಳು ಎತ್ತಿದ್ಲು ಅಂದ್ರ ಪುರಾವೆ ಬೇಕಾಕ್ಕೈತ್ರಿ ಆಯಿ. ಸಾವುಕಾರ್ರದು ಫೋಟೋ ಐತಿ. ನಿಮ್ಮದು ಏನೈತಿ?"

"ಪುರಾವೆ ಗ್ರೈಂಡರಿಗೆ ಕೊಟ್ಟು ಪುರಾವೆ ಕೇಳ್ತೀಯೇನೋ ಮೂಳಾ!"

ಸಭೆಗೆ ಸಭೆಯೇ ತಿರುಗಿ ನೋಡಿತು. ಯಾರೋ ಆಕೆಯನ್ನು ಕೂಡಿಸಲು ಬಂದರು. ಲಗಮವ್ವ ಕೈ ಕೊಡವಿ ನೆಟ್ಟಗೆ ಚನಮಲ್ಲಪ್ಪನ ಮುಂದೆ ಹೋಗಿ ನಿಂತಳು.

"ಸಾವುಕಾರ್ರ, ಆ ದಿನ ಗುಡಿ ಮುಂದ ನೀವೂ ಇದ್ರಿ. ನಾ ಸಣ್ಣಾಕಿ, ಅವ್ವನ ಸೆರಗು ಹಿಡಕೊಂಡು ನಿಂತಿದ್ದೆ. ಹೇಳ್ರಿ, ಯಾರು ಎತ್ತಿದ್ರು?"

ಮುದುಕ ಶಾಲಿನ ಅಂಚು ಸರಿಮಾಡಿಕೊಂಡ. ಲಗಮವ್ವ ಕದಲಲಿಲ್ಲ.

"ಸಾವುಕಾರ್ರಿಗೆ ತ್ರಾಸ ಕೊಡಬ್ಯಾಡ್ರಿ," ಎಂದು ರಾಜಕುಮಾರ ನಡುವೆ ಬಂದ.

"ನೀ ಸರಿಯಪಾ," ಎಂದ ಚನಮಲ್ಲಪ್ಪ. ದನಿ ಸಣ್ಣದಾಗಿತ್ತು. "ಮೂರು ಸಲ ಕೈ ಹಚ್ಚಿದೆ. ಮೊಣಕಾಲಿನ ಮ್ಯಾಲ ಬರಲಿಲ್ಲ. ಈಕಿ ಅವ್ವ ಕುರಿ ಹೊಡಕೊಂಡು ಹೊಂಟಿದ್ಲು. ‘ಎತ್ತಾಕ ಆಗದಿದ್ರ ಸರೀರಿ, ಕುರಿ ನೀರಿಗೆ ಹೊಂಟಾವು’ ಅಂದ್ಲು. ಮಂದಿ ನಕ್ಕರು. ಆಕಿ ಕಚ್ಚಿ ಕಟ್ಟಿ ಎತ್ತಿ ಹೆಗಲಿಗೆ ಹಾಕ್ಕೊಂಡು ಗುಡಿ ಸುತ್ತ ಬಂದು ಇಟ್ಟು ಹ್ವಾದ್ಲು. ಫೋಟೋದಾಂವ ನಮ್ಮಪ್ಪ ಕರೆಸಿದಾಂವ, ನನ್ನ ಫೋಟೋ ತಗದ. ಎತ್ತೇನಿ ಅಂತ ನಾ ಎಲ್ಲೂ ಹೇಳಿಲ್ಲ."

"ಇಲ್ಲಂತನೂ ಹೇಳಲಿಲ್ಲಲ್ಲರೀ," ಎಂದಳು ಲಗಮವ್ವ.

ಚನಮಲ್ಲಪ್ಪ ಎದ್ದು ಹೋಗಿ, ತನ್ನ ಫೋಟೋವನ್ನು ಮೊಳೆಯಿಂದ ತೆಗೆದು ಕಂಕುಳಲ್ಲಿಟ್ಟುಕೊಂಡ.

ರಾಜಕುಮಾರ ಬೆವರೊರೆಸಿಕೊಂಡು ಹೊಸ ಹಾಳೆ ತಂದ. ಬೋರವ್ವನ ಹೆಸರು ಬರೆದ. ಲಗಮವ್ವ ಪೆನ್ನು ಕಸಿದುಕೊಂಡು ಹೆಸರಿನ ಮುಂದೆ ಎಡಕ್ಕೆ ಎರಡು ಗೆರೆ, ಬಲಕ್ಕೆ ಒಂದು ಸೊನ್ನೆ ಹಾಕಿದಳು. ಆಮೇಲೆ ಒಂದೊಂದೇ ಗುರುತನ್ನು ನೆನೆದು ಹಾಕುತ್ತ ಹೋದಳು. ಇದು ಅಮಸಿದ್ದಪ್ಪಂದು, ಇದು ಗೂಳಪ್ಪಂದು ಎನ್ನುತ್ತ ಏಳರವರೆಗೆ ಬಂದಳು. ಅಲ್ಲಿ ಕೈ ನಿಂತಿತು. ಕಣ್ಣು ಮುಚ್ಚಿ ಕಲ್ಲನ್ನು ಸವರಿದಳು. ಚಿಕ್ಕಂದಿನಿಂದ ಸವರಿದ ಕಲ್ಲು, ಬೆರಳಿಟ್ಟರೆ ಗುರುತುಗಳು ತಾವೇ ಹೇಳುತ್ತಿದ್ದವು. ಈಗ ಬೆರಳು ಜಾರಿತು. ಉಳಿದ ನಾಲ್ಕು ನೆನಪಾಗಲಿಲ್ಲ. ಹೇಳಬಲ್ಲವರು ಊರಿನಲ್ಲಿ ಯಾರೂ ಉಳಿದಿರಲಿಲ್ಲ.

ಸಿಟ್ಟಿನಲ್ಲಿ ತಡೆದಿದ್ದ ಕಣ್ಣೀರು ಆಗ ಬಂತು.

"ಇರ್ಲಿ ಬಿಡ್ರಿ ಆಯಿ," ಎಂದ ರಾಜಕುಮಾರ ಮೆತ್ತಗೆ. "ಆ ನಾಲ್ಕು ಮಂದೀದು ‘ಮಾಹಿತಿ ಲಭ್ಯವಿಲ್ಲ’ ಅಂತ ಬರೀತೀನಿ."

"ಲಭ್ಯ ಇತ್ತು," ಎಂದು ಲಗಮವ್ವ ಪೆನ್ನನ್ನು ಅವನ ಕೈಗೆ ತುರುಕಿದಳು. "‘ನಾವು ಅಳಿಸೀವಿ’ ಅಂತ ಬರಿ. ನಾಲ್ಕು ಸಲ ಬರಿ. ಕೆಳಗ ನಿನ್ನ ಸಹಿ ಹಾಕು."

ಅವನು ಬರೆದು ಮುಗಿಸುವವರೆಗೂ ಆಕೆ ಅಲ್ಲಿಂದ ಕದಲಲಿಲ್ಲ.